ಕೇಳಿ ಅಕ್ಕನ್ನ: ಮೈಕ್ ಮುಂದೆ ಒಂದಿಡೀ ದಿನ

ಹಾಸನದಲ್ಲೇ ಇದ್ದುಕೊಂಡು ಊರೂರಿಗೆ ಹೋಗಿ ಹಾಸ್ಯ ಕಾರ್ಯಕ್ರಮ ಕೊಡುವ ನಮ್ಮ ಅಂಕಣಗಾರ್ತಿ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ಅಕ್ಕ, ಹೋದ ತಿಂಗಳು ಬೆಂಗಳೂರಿನಲ್ಲಿ ಒಂದೇ ದಿನ ಸಾಲಾಗಿ ಪಾಡ್‌ಕಾಸ್ಟ್ ಸಂದರ್ಶನ ಕೊಟ್ಟಿರಂತೆ. ಎಲ್ಲ ಕಡೆ ಅದೇ ಪ್ರಶ್ನೆ, ಅದೇ ಉತ್ತರ. ಬೇಜಾರಾಗಲ್ವಾ? ಆ ದಿನ ಹೇಗಿರುತ್ತೆ, ಸ್ವಲ್ಪ ಹೇಳಿ.
– ಬಿ.ಎ. ವಿದ್ಯಾರ್ಥಿನಿ, ಚನ್ನರಾಯಪಟ್ಟಣ

ಉತ್ತರ: ಎಲ್ಲವನ್ನೂ ಒಂದೇ ದಿನಕ್ಕೆ ಹಾಕಿಕೊಳ್ಳೋದು ದೂರಕ್ಕೆ ಹೆದರಿ ಕಣಮ್ಮ. ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿಲೋಮೀಟರ್. ಒಂದು ಸಂದರ್ಶನಕ್ಕೆ ಅಂತ ಹೋದರೂ ಇಡೀ ದಿನ ಹೋಯ್ತು. ಬೆಳಗಿನ ಜಾವದ ಬಸ್ಸು ಹತ್ತಿದರೆ ನಿಮ್ಮೂರು, ಹಿರೀಸಾವೆ, ಬೆಳ್ಳೂರು ಕ್ರಾಸ್, ಕುಣಿಗಲ್ ದಾಟಿ ನೆಲಮಂಗಲದ ತನಕ ಸಲೀಸು. ಆಮೇಲಿನದ್ದು ನಮ್ಮ ಕೈಯಲ್ಲಿಲ್ಲ. ಅದಕ್ಕೇ ನಾನು ಗೊರಗುಂಟೆಪಾಳ್ಯದಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೋ ಹಿಡಿಯುತ್ತೇನೆ. ರಾಜಾಜಿನಗರದ ಸ್ಟುಡಿಯೋ ಮೊದಲು, ನ್ಯಾಷನಲ್ ಕಾಲೇಜು ಸ್ಟೇಷನ್ ಹತ್ತಿರದ್ದು ಆಮೇಲೆ, ಜಯನಗರದ್ದು ಕೊನೆಗೆ. ಕರೆದವರಿಗೆ ಟೈಮ್ ಕೊಡುವಾಗಲೇ ಈ ಲೆಕ್ಕ ಹಾಕಿರುತ್ತೇನೆ. ಬಸ್ಸಿನಲ್ಲಿ ಯಾರ ಜೊತೆಗೂ ಹರಟೆ ಇಲ್ಲ. ಗಂಟಲು ಸಂಜೆವರೆಗೆ ಬರಬೇಕಲ್ಲ.

ಸ್ಟುಡಿಯೋ ಅಂದ್ರೆ ದೊಡ್ಡದೇನಲ್ಲ. ಗೋಡೆಗೆ ಫೋಮು, ಕಿಟಕಿಗೆ ದಪ್ಪ ಪರದೆ, ಎರಡು ಕುರ್ಚಿ. ರೆಕಾರ್ಡಿಂಗ್ ಶುರುವಾದ ಕೂಡಲೇ ಎಸಿ ಆಫ್ ಮಾಡುತ್ತಾರೆ, ಅದರ ಗುಂಯ್ ಸದ್ದು ಮೈಕಿಗೆ ಬೀಳುತ್ತೆ ಅಂತ. ಲೈಟುಗಳ ಬಿಸಿ ಬೇರೆ. ಮೊದಲು ಒಬ್ಬ ಹುಡುಗ ಬಂದು ಕ್ಯಾಮೆರಾ ಮುಂದೆ ಜೋರಾಗಿ ಒಂದು ಚಪ್ಪಾಳೆ ಹೊಡೆಯುತ್ತಾನೆ. ಸುಮ್ನೆ ಅಲ್ಲ ಅದು. ಚಿತ್ರ ಒಂದು ಕಡೆ, ಧ್ವನಿ ಇನ್ನೊಂದು ಕಡೆ ರೆಕಾರ್ಡ್ ಆಗುತ್ತಿರುತ್ತೆ. ಚಿತ್ರದಲ್ಲಿ ಎರಡು ಕೈ ಸೇರಿದ ಕ್ಷಣವನ್ನೂ ಧ್ವನಿಯಲ್ಲಿ ಟಪ್ ಅಂದ ಕ್ಷಣವನ್ನೂ ಆಮೇಲೆ ಎಡಿಟರ್ ಒಂದರ ಮೇಲೊಂದು ಕೂರಿಸುತ್ತಾರೆ. ಅದು ಸರಿಯಾಗಿ ಕೂತರೆ ತುಟಿಗೂ ಮಾತಿಗೂ ಹೊಂದಿಕೆ.

ಇನ್ನು ಅದೇ ಪ್ರಶ್ನೆಯ ವಿಷಯ. 'ಹಾಸನದವರು ಕಾಮಿಡಿಗೆ ಹೇಗೆ ಬಂದ್ರಿ?' ಎಲ್ಲರೂ ಕೇಳುತ್ತಾರೆ, ಕೇಳಲೇಬೇಕು. ಆ ಕಾರ್ಯಕ್ರಮದ ಕೇಳುಗರಿಗೆ ನಾನು ಹೊಸಬಳು. ನಾನು ಪ್ರತಿ ಸಲ ಅಜ್ಜಿಯಿಂದ ಶುರು ಮಾಡುತ್ತೇನೆ. ಅರಕಲಗೂಡು ಹತ್ತಿರದ ನಮ್ಮ ಹಳ್ಳಿ ಮನೆಯಲ್ಲಿ ಫೋನ್ ಬಡಿದುಕೊಂಡರೆ ಅಜ್ಜಿ ಮೊದಲು ಸೆರಗು ಸರಿ ಮಾಡಿಕೊಂಡು, ಆಮೇಲೆ ರಿಸೀವರ್ ಎತ್ತುತ್ತಿದ್ದರು. ವೇದಿಕೆಯಲ್ಲಿ ಇಷ್ಟಕ್ಕೇ ಜನ ನಗುತ್ತಾರೆ, ನಾನು ಮುಂದಕ್ಕೆ ಹೋಗುತ್ತೇನೆ. ಆವತ್ತು ಒಬ್ಬ ನಿರೂಪಕಿ ನಕ್ಕು ಸುಮ್ಮನಾಗಲಿಲ್ಲ. 'ಫೋನ್ ಮಾಡ್ತಿದ್ದೋರು ಯಾರು?' ಅಂದರು. ಮುಂಬೈಯಲ್ಲಿದ್ದ ನಮ್ಮ ಸೋದರಮಾವ. ಆಗ ರಾತ್ರಿ ತಡವಾಗಿ ಮಾಡಿದರೆ ಎಸ್‌ಟಿಡಿ ದರ ಕಮ್ಮಿ. ಹಾಗಾಗಿ ಮನೆಯವರೆಲ್ಲ ಮಲಗಿದರೂ ಅಜ್ಜಿ ಜಗಲಿ ಕಂಬಕ್ಕೆ ಒರಗಿ ಕೂತಿರುತ್ತಿದ್ದರು. ವೇದಿಕೆ ಮೇಲೆ ಅಷ್ಟು ಸಲ ಹೇಳಿದ ಕಥೆ. ಈ ಭಾಗ ಅವತ್ತಿನವರೆಗೆ ನನ್ನ ಬಾಯಿಗೇ ಬಂದಿರಲಿಲ್ಲ. ಮುಂದಿನ ಸ್ಟುಡಿಯೋದಲ್ಲಿ ನಿರೂಪಕರು ಅಜ್ಜಿಯನ್ನು ಬಿಟ್ಟು ಬಸ್‌ಸ್ಟ್ಯಾಂಡ್ ಜಗಳಗಳ ಬಗ್ಗೆ ಕೇಳಿದರು. ಅಲ್ಲಿ ಮಾತು ಬೇರೆ ದಾರಿ ಹಿಡಿಯಿತು. ಹೀಗಿರುವಾಗ ಬೇಜಾರು ಎಲ್ಲಿಂದ ಬರಬೇಕು ಹೇಳು? ಮೈಕಿಗೆ ಹೇಳಿದರೆ ಬಾಯಿಪಾಠ ಆಗುತ್ತೆ. ಎದುರಿಗೆ ಕೂತವರ ಮುಖ ನೋಡಿ ಹೇಳಿದರೆ ಅವರು ಎಲ್ಲಿ ಹುಬ್ಬು ಏರಿಸಿದರೋ ಅಲ್ಲಿ ಕಥೆ ನಿಲ್ಲುತ್ತೆ, ತಿರುಗುತ್ತೆ.

ಕಷ್ಟ ಅಂದ್ರೆ ನಗು. ಹಾಸನಾಂಬ ಕಲಾಕ್ಷೇತ್ರದಲ್ಲಿ ನಿಂತರೆ ಹಿಂದಿನ ಸಾಲಿನಿಂದ ನಗು ಬಂದು ಮುಟ್ಟುವ ತನಕ ಕಾಯಬಹುದು. ಸ್ಟುಡಿಯೋದಲ್ಲಿ ಕ್ಯಾಮೆರಾ ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ, ಸದ್ದು ಬರಬಾರದು ಅಂತ. ಭುಜ ಅಲುಗೋದು ಮಾತ್ರ ಕಾಣುತ್ತೆ. ನಗುವಿಗೆ ಕಾದು ಕೂತರೆ ಕೇಳುವವರಿಗೆ ಬರೀ ಖಾಲಿ ಜಾಗ ಸಿಗುತ್ತೆ. ಒಂದು ಉಸಿರು ಬಿಟ್ಟು ಮುಂದಕ್ಕೆ ಹೋಗಿಬಿಡಬೇಕು. ಮತ್ತೆ, ಹೊಸ ಕಾರ್ಯಕ್ರಮದ ಜೋಕುಗಳನ್ನು ನಾನು ಅಲ್ಲಿ ಹೇಳಲ್ಲ. ಟಿಕೆಟ್ ತಗೊಂಡು ಬರುವವರಿಗೆ ಅವು ಹೊಸದಾಗೇ ಸಿಗಬೇಕು. ಅದು ಅವರ ಹಕ್ಕು.

ಪ್ರಶ್ನೆ: ಹೋಗಿ ಬಂದಿದ್ದಕ್ಕೆ ದುಡ್ಡು ಕೊಡ್ತಾರಾ ಮೇಡಂ?
– ಓದುಗರು, ಸಕಲೇಶಪುರ

ಉತ್ತರ: ಅತಿಥಿಗಳಿಗೆ ಸಾಮಾನ್ಯವಾಗಿ ಇಲ್ಲ. ಓಡಾಟದ ಖರ್ಚು ಕೆಲವರು ಕೊಡುತ್ತಾರೆ, ಮೊದಲೇ ಕೇಳಿ, ಸಂಕೋಚ ಬೇಡ. ನನಗೆ ದುಡ್ಡಿಗಿಂತ ಮುಖ್ಯ ಇನ್ನೊಂದು. ಒಂದೂವರೆ ಗಂಟೆಯ ಮಾತಿನಿಂದ ಅರ್ಧ ನಿಮಿಷದ ತುಣುಕು ಕತ್ತರಿಸಿ ರೀಲ್ಸ್ ಮಾಡುತ್ತಾರೆ. ಹಿಂದಿನ ಮಾತು, ಮುಂದಿನ ಮಾತು ಎರಡೂ ಹೋಗಿರುತ್ತೆ. ಮನೆಯವರ, ಅಕ್ಕಪಕ್ಕದವರ ಬಗ್ಗೆ ಏನಾದರೂ ಬಾಯಿಗೆ ಬಂದಿದ್ದರೆ ಕುರ್ಚಿಯಿಂದ ಏಳುವ ಮುಂಚೆಯೇ 'ಅದನ್ನು ತೆಗೆಯಿರಿ' ಅಂತ ಹೇಳಿ, ವಾಟ್ಸಾಪ್‌ನಲ್ಲೂ ಬರೆದು ಕಳಿಸಿ. ಒಳ್ಳೆಯ ತಂಡದವರು ಖಂಡಿತ ತೆಗೆಯುತ್ತಾರೆ.

ಪ್ರಶ್ನೆ: ನಾನು ಆಕಾಶವಾಣಿ ಕೇಳಿ ಬೆಳೆದವನು. ಗಂಟೆಗಟ್ಟಲೆ ಇಬ್ಬರು ಕೂತು ಮಾತಾಡೋದನ್ನು ಯಾರಮ್ಮ ಕೇಳ್ತಾರೆ?
– ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಮೇಷ್ಟ್ರೇ, ನಾನೂ ನಮ್ಮ ಹಾಸನ ಆಕಾಶವಾಣಿ ಕೇಳುತ್ತಲೇ ಶಾಲೆಗೆ ರೆಡಿಯಾದವಳು. ಆದರೆ ಮನೆಯಲ್ಲಿ ಮೈಕ್ ಇಟ್ಟುಕೊಂಡು ಊರಿಗೆ ಕೇಳಿಸೋದು ನಮ್ಮ ಸೀಮೆಗೆ ಹೊಸದಲ್ಲ. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ 'ಆಕಾಶವಾಣಿ' ಎಂಬ ರೇಡಿಯೋ ನಿಲಯ ಶುರು ಮಾಡಿದ್ದರಲ್ವಾ? ಎಷ್ಟೋ ಪಾಡ್‌ಕಾಸ್ಟ್‌ಗಳು ಅರ್ಧಕ್ಕೆ ಇಳಿದರೆ ಚೆನ್ನ ಅನ್ನೋದು ಮಾತ್ರ ನಾನೂ ಒಪ್ಪುವ ಮಾತು. ಯಾರು ಕೇಳ್ತಾರೆ ಅಂದ್ರಿ. ಕಾಫಿ ಕುಯ್ಲಿನ ಕಾಲದಲ್ಲಿ ಆಲೂರು, ಸಕಲೇಶಪುರದ ಕಡೆ ಹೋಗಿ ನೋಡಿ. ಕಣದಲ್ಲಿ ಕಾಫಿ ಹರಡುವವರು, ಲಾರಿ ಓಡಿಸುವವರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿರುತ್ತಾರೆ. ಕೈಗೆ ಕೆಲಸ ಇದ್ದು ಕಿವಿ ಖಾಲಿ ಇರುವವರಿಗೆ ಇಬ್ಬರ ಮಾತು ದೊಡ್ಡ ಜೊತೆ.

ಪ್ರಶ್ನೆ: ನಮ್ಮತ್ತೆ, ಅಕ್ಕಪಕ್ಕದ ಹಿರಿಯರನ್ನೆಲ್ಲ ಮಾತಾಡಿಸಿ ರೆಕಾರ್ಡ್ ಮಾಡಬೇಕು ಅಂತ ಆಸೆ. ಸ್ಟುಡಿಯೋ ಇಲ್ಲ. ಮನೆಯಲ್ಲಿ ಆಗುತ್ತಾ ಅಕ್ಕ?
– ಗೃಹಿಣಿ, ಮೂಡಿಗೆರೆ

ಉತ್ತರ: ಧಾರಾಳವಾಗಿ ಆಗುತ್ತೆ. ಖಾಲಿ ಹಾಲ್ ಬೇಡ, ಮಾತು ಗೋಡೆಗೆ ಬಡಿದು ವಾಪಸ್ ಬರುತ್ತೆ. ಹಾಸಿಗೆ, ದಿಂಬು, ಬಟ್ಟೆ ತುಂಬಿದ ಬೀರು ಇರುವ ಮಲಗುವ ಕೋಣೆ ಹಿಡಿಯಿರಿ. ಫ್ಯಾನ್ ಆಫ್ ಮಾಡಿ, ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ. ಮೈಕ್ ತಗೊಳ್ಳೋದಾದರೆ ಡೈನಮಿಕ್ ಮೈಕ್ ಒಳ್ಳೆಯದು, ಕೋಣೆಯ ಸದ್ದನ್ನು ಕಮ್ಮಿ ಎಳೆದುಕೊಳ್ಳುತ್ತೆ. ಬಾಯಿಂದ ಒಂದು ಗೇಣಿನೊಳಗೆ ಇರಲಿ, ಸ್ವಲ್ಪ ಓರೆಯಾಗಿ ಇಡಿ. ಇಲ್ಲದಿದ್ದರೆ 'ಪ', 'ಬ', 'ಭ' ಅಂದಾಗ ಉಸಿರು ನೇರ ಬಡಿದು ಢಬ್ ಅನ್ನುತ್ತೆ. ಯಾರೂ ಮಾತಾಡದೆ ಅರ್ಧ ನಿಮಿಷ ಕೋಣೆಯ ಸದ್ದನ್ನೇ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಎಡಿಟ್ ಮಾಡುವಾಗ ಕತ್ತರಿಸಿದ ಜಾಗಕ್ಕೆ ಅದು ತೇಪೆ. ನಿಮ್ಮ ಕಡೆ ಆಷಾಢದ ಮಳೆಯಲ್ಲಿ ಶೀಟಿನ ಕೆಳಗೆ ಕೂತರೆ ಏನೂ ಕೇಳಿಸಲ್ಲ, ಮಳೆ ಬಿಟ್ಟ ಹೊತ್ತು ನೋಡಿಕೊಳ್ಳಿ.

ಅತ್ತೆಯವರ ಕೈಗೆ ಪ್ರಶ್ನೆಗಳ ಪಟ್ಟಿ ಕೊಡಬೇಡಿ, ಅವರು ಪರೀಕ್ಷೆಗೆ ಕೂತ ಹಾಗೆ ಬಿಗಿಯಾಗಿಬಿಡುತ್ತಾರೆ. ಹಲಸಿನ ಹಪ್ಪಳ ಮಾಡ್ತಾರಲ್ವಾ? ತೊಳೆ ಎಷ್ಟು ಬೇಯಬೇಕು ಅಂತ ಕೇಳಿ ಸುಮ್ಮನೆ ಕೂತುಬಿಡಿ. ನಡುವೆ ಯಾರದೋ ಮದುವೆ ವಿಷಯಕ್ಕೆ ಹೋದರೆ ಹಪ್ಪಳಕ್ಕೆ ವಾಪಸ್ ಎಳೆಯಬೇಡಿ, ಆ ಮದುವೆ ಬಗ್ಗೆಯೇ ಕೇಳಿ.