ಹೆಲಿಕಾಪ್ಟರಿನಿಂದ ಹಗ್ಗ ಇಳಿದಾಗ

ಪ್ರಶ್ನೆ: ಬಸವಸಾಗರ ಅಣೆಕಟ್ಟಿನಿಂದ ಕೃಷ್ಣೆಗೆ ನೀರು ಬಿಟ್ಟರೆ ನಡುಗಡ್ಡೆಯ ಹಳ್ಳಿ ನೀಲಕಂಠರಾಯನಗಡ್ಡಿಯ ದಾರಿ ಮುಚ್ಚುತ್ತದೆ. ಯುದ್ಧಕ್ಕೆಂದು ಪಳಗಿದ ಪಡೆ ಇಂಥಲ್ಲಿ ಏಕೆ ಬೇಕು? ಹೆಲಿಕಾಪ್ಟರ್ ಬಂದರೆ ನಾವೇನು ಮಾಡಬೇಕು?
– ಓದುಗರು, ಯಾದಗಿರಿ ಜಿಲ್ಲೆ

ಉತ್ತರ: ಯುದ್ಧದಲ್ಲೂ ನೆರೆಯಲ್ಲೂ ಬೇಕಾದ ಕೌಶಲ ಒಂದೇ. ಶತ್ರುನೆಲದಲ್ಲಿ ಬಿದ್ದ ಪೈಲಟ್‌ನನ್ನು ಎತ್ತಿ ತರಲು ವಾಯುಪಡೆಯ ಗರುಡ ಕಮಾಂಡೋಗಳು ಕಲಿತದ್ದೇ 2018ರ ಕೇರಳ ನೆರೆಯಲ್ಲಿ ಮಾಳಿಗೆ ಮೇಲೆ ಸಿಕ್ಕಿಬಿದ್ದವರಿಗೆ ಒದಗಿತು.

ಕೇಬಲ್ಲಿನ ತುದಿಯಲ್ಲಿ ಇಳಿಯುವ ಕೊಕ್ಕೆಯನ್ನು ಗಾಳಿಯಲ್ಲೇ ಹಿಡಿಯಬೇಡಿ. ಹೆಲಿಕಾಪ್ಟರಿನಲ್ಲಿ ಕೂಡಿದ ಸ್ಥಾಯೀ ವಿದ್ಯುತ್ತು ಜೋರಾಗಿ ಹೊಡೆಯುತ್ತದೆ. ಮೊದಲು ಅದು ನೆಲವನ್ನೋ ನೀರನ್ನೋ ಮುಟ್ಟಲಿ. ಕೇಬಲ್ಲನ್ನು ಗಿಡಕ್ಕೆ, ಕಂಬಕ್ಕೆ ಕಟ್ಟಲೇಬೇಡಿ, ಹೆಲಿಕಾಪ್ಟರೇ ಉರುಳೀತು. ನಿಮ್ಮನ್ನು ಎತ್ತುವ ಪಟ್ಟಿ ಕಂಕುಳಡಿ ಕೂರಲಿ, ತೋಳು ಕೆಳಗಿರಲಿ. ಕೈ ಮೇಲೆತ್ತಿದರೆ ಜಾರಿ ಬೀಳುತ್ತೀರಿ. ಸಡಿಲ ತಗಡು, ತಾಡಪತ್ರಿಗಳನ್ನು ಮೊದಲೇ ತೆಗೆದಿಡಿ: ರೆಕ್ಕೆಯ ಗಾಳಿಗೆ ಅವು ಕತ್ತಿಯಂತೆ ಹಾರುತ್ತವೆ.