ಹಳೆಯ ಗೋಡೆ, ಹೊಸ ವಿಭಾಗ: ನಡುವೆ ಜಾಗವಿರಲಿ

ಪ್ರಶ್ನೆ: ನೂರು ವರ್ಷ ದಾಟಿದ ನಮ್ಮ ಶಾಲೆಯ ಕಟ್ಟಡ ಕಲ್ಲು ಮತ್ತು ಸುಣ್ಣದ ಗಾರೆಯದು. ಕೆಲವು ವರ್ಷಗಳ ಹಿಂದೆ ಮಾಡಿಸಿದ ಸಿಮೆಂಟ್ ಗಿಲಾವು ಈಗ ಉಬ್ಬಿ ಉದುರುತ್ತಿದೆ. ಹಿಂಬದಿಯ ಗೋಡೆಗೆ ತಾಗಿಸಿ, ಹಳೆಯ ಕಮಾನುಗಳನ್ನೇ ಹೋಲುವ ಮೂರು ಅಂತಸ್ತಿನ ವಿಭಾಗವನ್ನು ಕಟ್ಟುವ ಯೋಚನೆಯಿದೆ. ಇದು ಸರಿಯೇ?
– ಆಡಳಿತ ಮಂಡಳಿಯ ಸದಸ್ಯರು, ಗದಗ

ಉತ್ತರ: ಹೊಸ ವಿಭಾಗದ ಮಾತಿಗಿಂತ ಮೊದಲು ಗಿಲಾವಿನ ಮಾತು. ಸುಣ್ಣದ ಗಾರೆಯ ಗೋಡೆ ನೆಲದಿಂದಲೂ ಮಳೆಯಿಂದಲೂ ತೇವವನ್ನು ಹೀರಿಕೊಂಡು, ಬಿಸಿಲು ಬಂದಾಗ ಅದನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ಹೊರಬರುವ ದಾರಿ ಕಟ್ಟಿಹೋಗಿ, ತೇವವು ಗೋಡೆಯೊಳಗೇ ಮೇಲೇರುತ್ತದೆ. ಅದರೊಂದಿಗೆ ಬಂದ ಲವಣಗಳು ಗಿಲಾವಿನ ಹಿಂದೆ ಹರಳುಗಟ್ಟಿ ಅದನ್ನು ಹೊರಕ್ಕೆ ತಳ್ಳುತ್ತವೆ. ಆದ್ದರಿಂದ ಸಿಮೆಂಟನ್ನು ಕಲ್ಲಿಗೆ ಪೆಟ್ಟಾಗದಂತೆ ಕೈಯುಳಿಯಿಂದ ತೆಗೆಸಿ, ಸೂರಿನ ನೀರು ಬುಡದಲ್ಲಿ ನಿಲ್ಲದಂತೆ ಮಾಡಿ, ಒಂದು ಬೇಸಿಗೆ ಪೂರ್ತಿ ಗೋಡೆ ಒಣಗಲು ಬಿಡಿ. ಅನಂತರ ಸುಣ್ಣದ ಗಿಲಾವನ್ನು ತೆಳುವಾಗಿ, ಪದರ ಪದರವಾಗಿ ಹಾಕಿಸಿ. ಸುಣ್ಣವು ಗಾಳಿಯ ಇಂಗಾಲಾಮ್ಲವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುವಂಥದ್ದು. ಬೇಗ ಮುಗಿಯಲೆಂದು ಗುತ್ತಿಗೆದಾರರು ಅದಕ್ಕೆ 'ಸ್ವಲ್ಪವೇ' ಸಿಮೆಂಟ್ ಬೆರೆಸುತ್ತೇವೆ ಎಂದರೆ ದಯವಿಟ್ಟು ಒಪ್ಪಬೇಡಿ.

ಗೋಡೆಗೆ ತಾಗಿಸಿ ಕಟ್ಟುವುದು ಬೇಡ. ನಿಮ್ಮಲ್ಲಿ ಎರೆ ಮಣ್ಣಿದ್ದರೆ ಅದು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಹಳೆಯ ಪಾಯ ಆಳವಿಲ್ಲದಿದ್ದರೆ, ಪಕ್ಕದಲ್ಲೇ ಅದಕ್ಕಿಂತ ಕೆಳಗೆ ಅಗೆದಾಗ ಅದರ ಆಧಾರವೇ ಸಡಿಲವಾಗುತ್ತದೆ. ಮೊದಲು ಮಣ್ಣಿನ ಪರೀಕ್ಷೆ ಮಾಡಿಸಿ, ಹೊಸ ಕಟ್ಟಡವನ್ನು ದೂರ ನಿಲ್ಲಿಸಿ, ಎರಡನ್ನೂ ಹಗುರವಾದ ಉಕ್ಕು-ಗಾಜಿನ ಮೊಗಸಾಲೆಯಿಂದ ಕೂಡಿಸಬಹುದು. ಆ ಮೊಗಸಾಲೆ ಹಳೆಯ ಗೋಡೆಯ ಮೇಲೆ ಭಾರ ಹೇರಬಾರದು. ಎರಡು ಕಟ್ಟಡಗಳೂ ತಮ್ಮ ಪಾಡಿಗೆ ಅಲುಗಲು ಸಂದಿ ಇರಲಿ.

ಕಮಾನುಗಳ ಅನುಕರಣೆಯನ್ನು ನಾನು ಒಪ್ಪುವುದಿಲ್ಲ. ಕಾಂಕ್ರೀಟ್ ಚೌಕಟ್ಟಿಗೆ ಅಂಟಿಸಿದ ಕಮಾನು ಯಾವ ಭಾರವನ್ನೂ ಹೊರುವುದಿಲ್ಲ. ಸಂರಕ್ಷಣೆಯ ವೇಳೆ ಅನಿವಾರ್ಯವಾಗಿ ಸೇರಿಸುವ ಭಾಗವು ಮೂಲಕ್ಕಿಂತ ಭಿನ್ನವಾಗಿ, ತನ್ನ ಕಾಲದ ಗುರುತನ್ನು ಹೊತ್ತಿರಬೇಕೆಂದು ಸ್ಮಾರಕ ಸಂರಕ್ಷಣೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ 1964ರ ವೆನಿಸ್ ಸನ್ನದು ಹೇಳುತ್ತದೆ. ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಾಗಿ ತೆರೆದುಕೊಂಡಾಗ, ಅದಕ್ಕೆ ಸೇರಿಸಿದ ಹೊಸ ವಿಭಾಗ ಹಳೆಯ ಬಂಗಲೆಯ ವೇಷವನ್ನು ತೊಡಲಿಲ್ಲ. ಮಂಡಳಿಯವರೆಲ್ಲ ಒಮ್ಮೆ ಹೋಗಿ ನೋಡಿ ಬನ್ನಿ. ಆದರೆ ಭಿನ್ನತೆಯೆಂದರೆ ಅಬ್ಬರವಲ್ಲ. ಮೂರು ಅಂತಸ್ತು ಹಳೆಯ ಹೆಂಚಿನ ಮಾಡಿಗಿಂತ ಎತ್ತರವಾಗಿ ಮುಂಭಾಗದಿಂದ ಇಣುಕುವಂತಿದ್ದರೆ, ಎರಡಕ್ಕೆ ನಿಲ್ಲಿಸಿ ಉದ್ದಕ್ಕೆ ಹರಡಿ.

ಕೊನೆಯದಾಗಿ, ಗದಗ-ಲಕ್ಕುಂಡಿಯ ಸುತ್ತ ಕೇಂದ್ರ ಸಂರಕ್ಷಿತ ದೇವಾಲಯಗಳಿವೆ. ಅಂಥ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ನಿರ್ಮಾಣ ನಿಷಿದ್ಧ. ಅದರಾಚೆಯ 200 ಮೀಟರ್‌ನಲ್ಲಿ ಪೂರ್ವಾನುಮತಿ ಅಗತ್ಯ. ನಕ್ಷೆಗೆ ಹಣ ಕೊಡುವ ಮೊದಲೇ ಈ ದೂರವನ್ನು ಅಳತೆ ಮಾಡಿಸಿ.