ಓದಲು ಬರುತ್ತದೆ, ಅರ್ಥವಾಗುವುದಿಲ್ಲ: ಕೋಲಾರದ ಶಿಕ್ಷಕಿಗೆ ಪ್ರತಿಕ್ರಿಯೆ

ಮಾನ್ಯರೇ, ನಾಲ್ಕನೇ ತರಗತಿಯ ಮಕ್ಕಳು ಕೆರೆಯ ಪಾಠವನ್ನು ತಡವರಿಸದೆ ಓದಿದರೂ ಪ್ರಶ್ನೆಗಳಿಗೆ ಉತ್ತರಿಸಲಾರರು, ಇನ್ನಷ್ಟು ಓದಿಸಬೇಕೇ ಎಂದು ಕೇಳಿದ್ದೀರಿ. ಕೊರತೆ ಇರುವುದು ಓದಿನಲ್ಲಲ್ಲ, ವಿಷಯಜ್ಞಾನದಲ್ಲಿ ಎಂದು ನನಗನ್ನಿಸುತ್ತದೆ. ಅಮೆರಿಕದಲ್ಲಿ 1988ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಓದಿನಲ್ಲಿ ಹಿಂದುಳಿದಿದ್ದರೂ ಬೇಸ್‌ಬಾಲ್ ಬಲ್ಲ ಮಕ್ಕಳು, ಆ ಆಟವನ್ನು ಹೆಚ್ಚು ಅರಿಯದ ಉತ್ತಮ ಓದುಗರಿಗಿಂತ ಬೇಸ್‌ಬಾಲ್ ಪಂದ್ಯದ ವಿವರಣೆಯನ್ನು ಚೆನ್ನಾಗಿ ಗ್ರಹಿಸಿದ್ದರು.

‘ಕೆರೆ ಕೋಡಿ ಬಿದ್ದಿತು’ ಎಂಬ ಒಂದೇ ವಾಕ್ಯವನ್ನು ನೋಡಿ. ತುಂಬಿದ ಕೆರೆಯ ಹೆಚ್ಚುವರಿ ನೀರು ಹೊರಹರಿಯುವ ಜಾಗವೇ ಕೋಡಿ ಎಂದು ತಿಳಿಯದ, ಮನೆಯಲ್ಲಿ ತೆಲುಗು ಆಡುವ ನಮ್ಮ ಕಡೆಯ ಮಗುವಿಗೆ, ಕೆರೆಗೆ ಕೋಳಿ ಬಿದ್ದಂತೆಯೇ ಕೇಳಿಸೀತು; ತೆಲುಗಿನಲ್ಲಿ ಕೋಡಿ ಎಂದರೆ ಕೋಳಿ!

ಆದ್ದರಿಂದ ಬಿಡಿಬಿಡಿ ಗದ್ಯಭಾಗಗಳನ್ನು ಓದಿಸುವ ಬದಲು ಮೂರು ವಾರ ಕೆರೆಯೊಂದನ್ನೇ ಹಿಡಿಯಿರಿ. ಏರಿ (ಕೆರೆಯ ಕಟ್ಟೆ), ತೂಬು (ನೀರು ಬಿಡುವ ಕಿಂಡಿ), ಹೂಳು, ಅಚ್ಚುಕಟ್ಟು (ಕೆರೆಯ ನೀರುಣ್ಣುವ ಜಮೀನು) ಇವನ್ನು ಏರಿಯ ಮೇಲೆ ನಿಲ್ಲಿಸಿಯೇ ತೋರಿಸಿ. ಬಳಿಕ ಅಂತರ್ಜಲ, ಕೊಳವೆಬಾವಿ, 2018ರಿಂದ ಬೆಂಗಳೂರಿನ ಸಂಸ್ಕರಿತ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿರುವ ಬಗೆಯನ್ನು ವಿವರಿಸಿ. ಈ ವಯಸ್ಸಿನ ಮಕ್ಕಳು ತಾವೇ ಓದಿ ತಿಳಿಯುವುದಕ್ಕಿಂತ ಕೇಳಿ ತಿಳಿಯುವುದು ಹೆಚ್ಚಾದ್ದರಿಂದ, ಕಠಿಣ ಬರಹಗಳನ್ನು ನೀವೇ ಗಟ್ಟಿಯಾಗಿ ಓದಿ ಹೇಳಿ. ಐದನೇ ತರಗತಿಯ ಶಿಕ್ಷಕರೊಡನೆಯೂ ಮಾತಾಡಿಕೊಂಡರೆ, ಅವರು ಇದೇ ಪಾಠವನ್ನು ಮೊದಲಿನಿಂದ ಹೇಳುವುದು ತಪ್ಪುತ್ತದೆ.